ಉಕ್ತಲೇಖನಕ್ಕೆ ಹಳೆಯ ಮಕ್ಕಳ ಕತೆಗಳು: ವಿರಾಮ ಚಿಹ್ನೆಗಳನ್ನು ಬಾಯಿಬಿಟ್ಟು ಹೇಳಬೇಕೇ, ಬೇಡವೇ?

ಪ್ರಶ್ನೆ: ಸಂಜೆಪಾಠ, ಉಣಕಲ್, ಹುಬ್ಬಳ್ಳಿ

ಉಣಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ನಾಲ್ಕರಿಂದ ಆರನೆಯ ತರಗತಿಯವರು, ಬಹುತೇಕ ಕನ್ನಡ ಮಾಧ್ಯಮ. ಬರುವುದು ಗಣಿತಕ್ಕೆ. ಕನ್ನಡಕ್ಕೆ ದುಡ್ಡು ಕೊಟ್ಟು ಯಾರು ಕಳಿಸುತ್ತಾರೆ? ಅದು ಮನೆಯ ಮಾತು, ತಾನಾಗಿ ಬರುತ್ತದೆ ಎಂದು ತಂದೆತಾಯಿಗಳ ಎಣಿಕೆ. ತಾನಾಗಿ ಎಷ್ಟು ಬಂದಿದೆ ಎಂದು ತಿಳಿಯಲು, ಐದನೆಯ ತರಗತಿಯ ಹುಡುಗನೊಬ್ಬ ರಜೆಯ ಬಗ್ಗೆ ಬರೆದುಕೊಟ್ಟದ್ದನ್ನು ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ:

'ನಾವು ಅಜ್ಜಿ ಮನಿಗೆ ಹೋದೆವು ಅಲ್ಲಿ ಎಮ್ಮಿ ಈದಿತ್ತು ಮಾವ ಹಾಲು ಹಿಂಡಿದ ಅಜ್ಜಿ ಗಿಣ್ಣ ಮಾಡಿದಳು ನನಗೆ ಬ್ಯಾಡ ಅಂದೆ ಅಕ್ಕ ತಿಂದಳು ಆಮೇಲೆ ಆಟ ಆಡಿದೆವು ವಿಶೇಶ ಏನು ಇಲ್ಲ'

ಹುಡುಗ ಚುರುಕು. ಹೇಳಬೇಕಾದದ್ದನ್ನೆಲ್ಲ ಹೇಳಿದ್ದಾನೆ. ಆದರೆ ಇಡೀ ಬರಹದಲ್ಲಿ ಒಂದು ಚುಕ್ಕೆಯೂ ಇಲ್ಲ. ಪಠ್ಯಪುಸ್ತಕದ ಪಾಠದಿಂದ ಉಕ್ತಲೇಖನ ಕೊಟ್ಟರೆ ಇದೇ ಹುಡುಗ ಹೆಚ್ಚುಕಡಿಮೆ ತಪ್ಪಿಲ್ಲದೆ ಬರೆಯುತ್ತಾನೆ, ಏಕೆಂದರೆ ಆ ಪಾಠ ಅವನಿಗೆ ಬಾಯಿಪಾಠವಾಗಿರುತ್ತದೆ. ಸ್ವಂತ ಬರಹಕ್ಕೆ ಬಂದ ಕೂಡಲೇ ಅದೆಲ್ಲ ಎಲ್ಲಿಗೆ ಹೋಗುತ್ತದೆಯೋ.

ಅದಕ್ಕೆ ಪಠ್ಯದ ಹೊರಗಿನದನ್ನು, ಅದರಲ್ಲೂ ಹಳೆಯ ಮಕ್ಕಳ ಸಾಹಿತ್ಯವನ್ನು ಉಕ್ತಲೇಖನಕ್ಕೆ ಹಿಡಿಯಬೇಕು ಎಂದುಕೊಂಡಿದ್ದೇನೆ. ಧಾರವಾಡದ ಸುಭಾಷ ರಸ್ತೆಯ ಅಂಗಡಿಯೊಂದರಲ್ಲಿ ಪಂಜೆ ಮಂಗೇಶರಾಯರ ಮಕ್ಕಳ ಕತೆಗಳು ಸಿಕ್ಕವು. ಕುವೆಂಪು ಅವರ ಕಿಂದರಿಜೋಗಿ ಮನೆಯಲ್ಲೇ ಇದೆ. ನೂರು ವರ್ಷದ ಹಿಂದಿನ ಕನ್ನಡ ಈಗಿನ ಮಕ್ಕಳಿಗೆ ತೊಡಕಾಗುವುದೇ? ಒಂದು ಸಲಕ್ಕೆ ಎಷ್ಟು ಸಾಲು ಕೊಡಬಹುದು? ಮೊದಲೇ ತೋರಿಸಿಬಿಟ್ಟರೆ ಮತ್ತೆ ಬಾಯಿಪಾಠವೇ ಆಗುವುದಿಲ್ಲವೇ? ಎಲ್ಲಕ್ಕಿಂತ ಮುಖ್ಯವಾಗಿ, ಓದುವಾಗ 'ಅಲ್ಪವಿರಾಮ', 'ಪೂರ್ಣವಿರಾಮ' ಎಂದು ಬಾಯಿಬಿಟ್ಟು ಹೇಳಬೇಕೇ? ಹೇಳಿದರೆ ಅವರು ಕಲಿತದ್ದೇನು? ಹೇಳದಿದ್ದರೆ ಒಂದನ್ನೂ ಹಾಕುವುದಿಲ್ಲ.

ಉತ್ತರ: ಇಬ್ಬರು ಮಕ್ಕಳ ತಾಯಿ, ಹಾವೇರಿ

ಅಕ್ಕಾವರೇ, ನಾನು ಶಿಕ್ಷಕಿಯಲ್ಲ, ಮನೆಯಲ್ಲಿ ಮಗಳಿಗೆ ಬರೆಸುವುದಷ್ಟೇ ಗೊತ್ತು. ನಾನಂತೂ ಹೇಳಿಯೇ ಬರೆಸುತ್ತೇನೆ. 'ಒಂದಾನೊಂದು ಊರಿನಲ್ಲಿ ಅಲ್ಪವಿರಾಮ ಒಬ್ಬ ಮುದುಕಿ ಇದ್ದಳು ಪೂರ್ಣವಿರಾಮ' ಎಂದು. ಒಮ್ಮೆ ಅವಳು 'ಅಲ್ಪವಿರಾಮ' ಎಂಬುದನ್ನು ಅಕ್ಷರದಲ್ಲೇ ಬರೆದಿಟ್ಟಿದ್ದಳು, ಅದು ಬೇರೆ ಮಾತು. ಈಗ ಕೈ ತಾನಾಗಿ ಚಿಹ್ನೆ ಹಾಕುತ್ತದೆ. ಅಭ್ಯಾಸ ಆಗಬೇಕಲ್ಲವೇ ಮೊದಲು? ಕಾರಣ ಆಮೇಲೆ ತಿಳಿದರಾಯಿತು.

ಅಡುಗೆ ಮಾಡುತ್ತಾ ಹೇಳಲು ಆಗದು ಎಂದು ಮೊಬೈಲಿನಲ್ಲಿ ಓದಿ ಮುದ್ರಿಸಿ ಇಡುತ್ತೇನೆ. ಅವಳು ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತಾಳೆ.

ಉತ್ತರ: ನಿವೃತ್ತ ಮಾಸ್ತರ, ಮಾಳಮಡ್ಡಿ, ಧಾರವಾಡ

ವಯಸ್ಸಿನ ಸಲಿಗೆಯಿಂದ ಏಕವಚನದಲ್ಲಿ ಬರೆಯುತ್ತೇನೆ, ತಂಗಿ. ಕುಂದಗೋಳ, ನವಲಗುಂದ ತಾಲೂಕುಗಳ ಸರಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದವನು ನಾನು. ಹುಡುಗನ ಬರಹವನ್ನು ತಿದ್ದದೆ ಹಾಕಿದ್ದೀಯಲ್ಲ, ಅದರಿಂದ ನನ್ನ ಕೆಲಸ ಹಗುರಾಯಿತು. ಅದರಲ್ಲಿ ಮೂರು ಜಾತಿಯ ತಪ್ಪುಗಳಿವೆ. ಮೂರನ್ನೂ ನಾವು ಒಂದೇ ಕೆಂಪು ಶಾಯಿಯಲ್ಲಿ ಸುತ್ತಿ ಅಂಕ ಕಳೆಯುತ್ತೇವೆ. ತೊಂದರೆ ಇರುವುದು ಅಲ್ಲಿಯೇ.

ಮನಿ, ಎಮ್ಮಿ, ಬ್ಯಾಡ: ಇವು ಒಂದು ಜಾತಿ. ಇವನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ ಎಂದು ಒಂದನೆಯ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೇವೆ. ಹುಡುಗ ನಂಬಿದ, ನುಡಿದಂತೆ ಬರೆದ. ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಅವನ ಕಿವಿಗೆ ಬಿದ್ದದ್ದು ಅದೇ. ಇದಕ್ಕೆ ಉಕ್ತಲೇಖನದಂಥ ಮದ್ದು ಇನ್ನೊಂದಿಲ್ಲ, ಆದರೆ ಹೇಳುವವರು 'ಮನೆ' ಎಂದೇ ಹೇಳಬೇಕು. ಪುಸ್ತಕದಲ್ಲಿ 'ಮನೆ' ಎಂದಿರುವುದನ್ನು 'ಮನಿ' ಎಂದು ಓದಿ, 'ಮನೆ' ಎಂದು ಬರೆಯಲಿಲ್ಲವೆಂದು ಹುಡುಗನ ಕಿವಿ ಹಿಂಡಿದ ಗುರುಗಳನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಮನಿ, ಪುಸ್ತಕದಲ್ಲಿ ಮನೆ, ಎರಡೂ ನಮ್ಮವೇ ಎಂದು ಮಕ್ಕಳಿಗೆ ಒಂದು ಸಲ ಸಮಾಧಾನದಿಂದ ಹೇಳಿಬಿಡು. ಅವರು ಜಾಣರು, ಎರಡನ್ನೂ ಇಟ್ಟುಕೊಳ್ಳುತ್ತಾರೆ.

'ವಿಶೇಶ' ಎಂಬುದು ಎರಡನೆಯ ಜಾತಿ. ಇದು ಕಿವಿಯಿಂದ ಬರುವುದಿಲ್ಲ. ಶಕಾರ ಷಕಾರಗಳನ್ನು ಬಾಯಲ್ಲಿ ಬೇರೆ ಮಾಡಿ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ? ವಿಷಯ, ವಿಶೇಷ, ಶಿಷ್ಯ, ಕೃಷಿ, ಕ್ರಿಯೆ, ಧನ, ದನ: ಇವನ್ನು ಕೇಳಿ ಬರೆಯಲಾಗದು, ನೋಡಿ ಬರೆಯಬೇಕು. ಮೊದಲೇ ತೋರಿಸಿದರೆ ಬಾಯಿಪಾಠವಾಗುವುದಿಲ್ಲವೇ ಎಂದು ಕೇಳಿದ್ದೀಯ. ಆಗಲಿ ಬಿಡು! ತೋರಿಸದೆ ಕೊಡುವ ಉಕ್ತಲೇಖನ ಪರೀಕ್ಷೆ, ತೋರಿಸಿ ಕೊಡುವುದು ಪಾಠ. ನೀನು ಪರೀಕ್ಷಾ ಮಂಡಳಿಯವಳಲ್ಲವಲ್ಲ.

ಇಂಗ್ಲೆಂಡಿನಲ್ಲಿ ಷಾರ್ಲೆಟ್ ಮೇಸನ್ ಎಂಬ ಶಿಕ್ಷಣತಜ್ಞೆ ಇದ್ದರು (1842–1923). ಅವರ ಪದ್ಧತಿಯೇ ಇದು. ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಮಗು ತಾನೇ ಓದಿಕೊಳ್ಳಬೇಕು, ಯಾವ ಪದದ ಬಗ್ಗೆ ಅನುಮಾನವಿದೆಯೋ ಅದನ್ನು ದಿಟ್ಟಿಸಿ ನೋಡಿ, ಕಣ್ಣು ಮುಚ್ಚಿದಾಗಲೂ ಕಾಣುವಷ್ಟು ಮನಸ್ಸಿಗೆ ತಂದುಕೊಳ್ಳಬೇಕು, ಆಮೇಲೆ ಬರವಣಿಗೆ. ಇಂಗ್ಲಿಷಿನ ಕಾಗುಣಿತದ ಕಾಟ ನಮಗಿಲ್ಲ ನಿಜ, ಆದರೆ ಮೇಲೆ ಹೇಳಿದ ಎರಡನೆಯ ಜಾತಿಯ ಪದಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ತಪ್ಪಾಗಿ ಬರೆದ ಪದ ಕಣ್ಣಿಗೆ ಬಿದ್ದಷ್ಟೂ ತಪ್ಪೇ ಗಟ್ಟಿಯಾಗುತ್ತದೆ, ಆದ್ದರಿಂದ ಅದರ ಮೇಲೆ ತಕ್ಷಣ ಕಾಗದದ ಚೂರು ಅಂಟಿಸಿ ಮುಚ್ಚಿಬಿಡಿ ಎನ್ನುತ್ತಿದ್ದರು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ವಿಶೇಶ'ಕ್ಕೆ ಮೆರವಣಿಗೆ ಮಾಡಿಸುತ್ತೇವೆ.

ಈಗ ಚಿಹ್ನೆಗಳ ವಿಚಾರ. ಇದು ಮೂರನೆಯ ಜಾತಿ, ನಿನ್ನ ನಿಜವಾದ ಪ್ರಶ್ನೆಯೂ ಇದೇ. ಹುಡುಗನ ಬರಹದಲ್ಲಿ ಒಂದು ಕಡೆ ನಿಲ್ಲು: 'ಮಾವ ಹಾಲು ಹಿಂಡಿದ ಅಜ್ಜಿ ಗಿಣ್ಣ ಮಾಡಿದಳು'. ನಿಲ್ಲಿಸದೆ ಓದಿದರೆ ಮಾವ ಹಿಂಡಿದ್ದು ಎಮ್ಮೆಯನ್ನಲ್ಲ, ಅಜ್ಜಿಯನ್ನು! ಯಾಕೆ ಹೀಗಾಯಿತು? 'ಹಿಂಡಿದ' ಎಂಬುದು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ವಾಕ್ಯ ಮುಗಿಸುವ ಕ್ರಿಯಾಪದವೂ ಅದೇ, ಮುಂದಿನ ಹೆಸರಿಗೆ ಅಂಟಿಕೊಳ್ಳುವ ಕೃದಂತವೂ ಅದೇ. ಬಂದ, ನೋಡಿದ, ತಂದ, ಓಡಿದ, ಎಲ್ಲವೂ ಹೀಗೆಯೇ. 'ಹುಡುಗ ನೋಡಿದ. ಹುಲಿ ಓಡಿತು' ಎಂದರೆ ಎರಡು ಸಂಗತಿ. ಚುಕ್ಕೆ ತೆಗೆದರೆ ಹುಡುಗ ನೋಡಿದಂಥ ಹುಲಿ ಓಡಿತು ಎಂದು ಒಂದೇ ಸಂಗತಿ. 'ಅವನು ಬಂದ, ಮೇಲೆ ಕುಳಿತ' ಎಂದರೆ ಅಟ್ಟದ ಮೇಲೆ ಕುಳಿತಿರಬಹುದು. ಅಲ್ಪವಿರಾಮ ತೆಗೆದರೆ, ಅವನು ಬಂದ ಬಳಿಕ ಇನ್ಯಾರೋ ಕುಳಿತರು. ಸಾಲದ್ದಕ್ಕೆ ನಮ್ಮ ಲಿಪಿಯಲ್ಲಿ ಇಂಗ್ಲಿಷಿನ ಹಾಗೆ ದೊಡ್ಡಕ್ಷರವಿಲ್ಲ. ಇಂಗ್ಲಿಷಿನಲ್ಲಿ ಚುಕ್ಕೆ ಮರೆತರೂ ಮುಂದಿನ ದೊಡ್ಡಕ್ಷರ ನೋಡಿ ಹೊಸ ವಾಕ್ಯವೆಂದು ತಿಳಿಯುತ್ತದೆ. ಕನ್ನಡದಲ್ಲಿ ಆ ಚುಕ್ಕೆ ಹೋದರೆ ಎಲ್ಲವೂ ಹೋಯಿತು.

ಹಳೆಯ ಗದ್ಯದ ಉಪಯೋಗ ಗೊತ್ತಾಗುವುದು ಇಲ್ಲಿ. ಪಂಜೆಯವರ ಕಾಲದ ಗದ್ಯದಲ್ಲಿ ಕ್ರಿಯಾಪದಗಳು ಹೆಚ್ಚಾಗಿ ತುಂಬಿದ ರೂಪದಲ್ಲಿ ಬರುತ್ತವೆ: ಬಂದನು, ಹೇಳಿದನು, ಓಡಿದನು. 'ನು' ಬಂತೆಂದರೆ ವಾಕ್ಯ ಮುಗಿಯಿತು, ಅನುಮಾನವೇ ಇಲ್ಲ. ನಮ್ಮ ತಂದೆಯವರು ಹಿಂದಿನ ಕಾಲದ ಶಾಲಾ ಪರೀಕ್ಷೆಯಾದ ಮುಲ್ಕಿ ಪಾಸಾದವರು. ಅಲ್ಪವಿರಾಮದ ಗೊಡವೆಯೇ ಇಲ್ಲದೆ ಪುಟಗಟ್ಟಲೆ ಪತ್ರ ಬರೆಯುತ್ತಿದ್ದರು, ಅರ್ಥ ತಪ್ಪುತ್ತಿರಲಿಲ್ಲ. ಆ 'ನು', 'ಳು', 'ರು'ಗಳೇ ಚಿಹ್ನೆಯ ಕೆಲಸ ಮಾಡುತ್ತಿದ್ದವು. ಈಗಿನ ಲೇಖಕರು ಬಂದ, ಹೋದ ಎಂದು ಬರೆಯುತ್ತಾರೆ. ಓಟ ಚೆನ್ನಾಗಿರುತ್ತದೆ, ಆದರೆ ಚುಕ್ಕೆಯ ಹೊಣೆ ಇಮ್ಮಡಿಯಾಗುತ್ತದೆ. ಆದ್ದರಿಂದ ನೂರು ವರ್ಷದ ಹಿಂದಿನ ಕನ್ನಡ ತೊಡಕಲ್ಲವೇ ಎಂಬ ನಿನ್ನ ಅಂಜಿಕೆಗೆ ನನ್ನ ಉತ್ತರ ತಲೆಕೆಳಗು. ಚಿಹ್ನೆ ಕಲಿಯುವವರಿಗೆ ಹಳೆಯದೇ ಸುಲಭ. ಅಲ್ಲಿ ವಾಕ್ಯದ ಕೊನೆ ಕಿವಿಗೇ ಕೇಳುತ್ತದೆ. ಅಲ್ಲಿಂದ ಶುರು ಮಾಡು, ಕೈ ಕುದುರಿದ ಮೇಲೆ ಈಗಿನವರ ಗದ್ಯ ಕೊಡು.

ಹಾವೇರಿಯ ತಂಗಿಗೆ ಒಂದು ಮಾತು. ಬಾಯಲ್ಲಿ ಹೇಳಿ ಹಾಕಿಸಿದರೆ ಕೈಗೆ ರೂಢಿಯಾಗುತ್ತದೆ, ನಿಜ. ಆದರೆ ನಿನ್ನ ಮಗಳು ತಾನೇ ಬರೆಯಲು ಕುಳಿತಾಗ ಪಕ್ಕದಲ್ಲಿ 'ಅಲ್ಪವಿರಾಮ' ಎನ್ನಲು ಯಾರಿರುತ್ತಾರೆ? ಒಂದೆರಡು ವಾರ ಹೇಳು, ಆಮೇಲೆ ಬಿಡು. ಹಾಗೆಂದು ಉಸಿರು ನಿಲ್ಲಿಸಿದಲ್ಲೆಲ್ಲ ಅಲ್ಪವಿರಾಮ ಹಾಕಿ ಎಂದೂ ಕಲಿಸಬೇಡ. ಉಬ್ಬಸದವರ ಬರಹದ ತುಂಬ ಅಲ್ಪವಿರಾಮವೇ ಆದೀತು. ಅರ್ಥ ಎಲ್ಲಿ ಮುರಿಯುತ್ತದೆ ಎಂದು ಕೇಳು.

ನಾನು ಮಾಡಿಸುತ್ತಿದ್ದ ಕ್ರಮ ಇಷ್ಟೇ. ಪೆನ್ಸಿಲು ಕೆಳಗಿಟ್ಟು ಕತೆ ಕೇಳುವ ಹಾಗೆ ಒಂದು ಸಲ ಪೂರ್ತಿ ಕೇಳಬೇಕು. ಆಮೇಲೆ ತುಂಡುತುಂಡಾಗಿ ಓದುವುದು. ತುಂಡೆಂದರೆ ಒಂದೊಂದು ಪದವಲ್ಲ, 'ಕಾಡಿನ ಅಂಚಿನಲ್ಲಿದ್ದ ಗುಡಿಸಲಿನಿಂದ' ಎಂಬಷ್ಟು. ಒಂದೇ ಸಲ ಓದಬೇಕು. ಎರಡು ಸಲ ಓದುತ್ತೀಯೆಂದು ಗೊತ್ತಾದರೆ ಮೊದಲ ಸಲ ಯಾರೂ ಕಿವಿಗೊಡುವುದಿಲ್ಲ. ಕೊನೆಗೆ ಮತ್ತೆ ಪೂರ್ತಿ ಓದು. ಮಕ್ಕಳು ಚಿಹ್ನೆ ಹಾಕುವುದು ಈ ಮೂರನೆಯ ಓದಿನಲ್ಲಿ. ಐದನೆಯ ತರಗತಿಗೆ ನಾಲ್ಕೈದು ಸಾಲು ಧಾರಾಳವಾಯಿತು. ತಿದ್ದುವುದು ನೀನಲ್ಲ, ಪುಸ್ತಕ ಕೈಗೆ ಕೊಟ್ಟು ಅವರೇ ತಿದ್ದಿಕೊಳ್ಳಲಿ.

ಕಿಂದರಿಜೋಗಿ ಬೇಡ. ಅದು ಬ್ರೌನಿಂಗನ ಇಂಗ್ಲಿಷ್ ಕವನವನ್ನು ಆಧರಿಸಿ ಕುವೆಂಪು ನಮ್ಮದನ್ನಾಗಿಯೇ ಮಾಡಿಕೊಟ್ಟ ಪದ್ಯ. ಮಕ್ಕಳು ಹಾಡಲಿ, ಕುಣಿಯಲಿ. ಪದ್ಯದಲ್ಲಿ ಸಾಲು ಮುರಿಯುವುದು ಲಯಕ್ಕೆ, ಪ್ರಾಸಕ್ಕೆ. ಅಲ್ಲಿ ಚುಕ್ಕೆ ಹುಡುಕಲು ಹಚ್ಚಿದರೆ ಪದ್ಯವೂ ಕೆಟ್ಟಿತು, ಚುಕ್ಕೆಯೂ ಸಿಗಲಿಲ್ಲ. ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ' ಹಿಡಿ. ಹೆಸರೇ ಪ್ರಶ್ನೆ, ಒಳಗೂ ಪ್ರಶ್ನೆಗೆ ಪ್ರಶ್ನೆ ಪೋಣಿಸಿದೆ. ಪ್ರಶ್ನಾರ್ಥಕಕ್ಕೂ ಮಾತಿನ ಉದ್ಧರಣಕ್ಕೂ ಅದಕ್ಕಿಂತ ಒಳ್ಳೆಯದು ಸಿಗಲಾರದು. ಪಂಜೆಯವರು ಬಂಟ್ವಾಳದ ಕಡೆಯವರು, ಸಿಗಡಿ ಕಡಲ ತೀರದ್ದು. ಉಣಕಲ್ಲಿನ ಮಕ್ಕಳಿಗೆ ಕೆರೆಯ ಮೀನು ಗೊತ್ತು, ಒಣಸಿಗಡಿ ಗೊತ್ತಿರಲಿಕ್ಕಿಲ್ಲ. ಶುರುವಿಗೇ ಹೇಳಿಬಿಡು, ಇಲ್ಲದಿದ್ದರೆ ಇಡೀ ಹೊತ್ತು ಸಿಗಡಿ ಅಂದರೇನು ಎಂಬುದರಲ್ಲೇ ಹೋಗುತ್ತದೆ.

ಉತ್ತರ: ಭಾಷಾವಿಜ್ಞಾನದ ವಿದ್ಯಾರ್ಥಿ, ಧಾರವಾಡ

ಗುರುಗಳ ಚಿಹ್ನೆಯ ವಿವರಣೆ ಒಪ್ಪಿದೆ. ಆದರೆ ಎರಡನೆಯ ಜಾತಿಯ 'ತಪ್ಪು'ಗಳ ಮೇಲೆ ಮಕ್ಕಳ ವರ್ಷಗಟ್ಟಲೆ ಶ್ರಮ ಯಾಕೆ? ಕನ್ನಡಿಗರಲ್ಲಿ ಹೆಚ್ಚಿನವರು ಮಹಾಪ್ರಾಣವನ್ನು ಉಚ್ಚರಿಸುವುದಿಲ್ಲ, ಷಕಾರವನ್ನೂ ಇಲ್ಲ. ಆದ್ದರಿಂದ ಬರಹದಲ್ಲೂ ಅವು ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿ, ಅವನ್ನು ಬಿಟ್ಟ ಬರಹದಲ್ಲೇ ಪುಸ್ತಕಗಳನ್ನೂ ಬರೆದರು. ಉಕ್ತಲೇಖನ ಎಂಬುದು ಬೆಳೆದದ್ದೇ ಬರಹಕ್ಕೂ ಉಚ್ಚಾರಕ್ಕೂ ಬಹಳ ದೂರವಿರುವ ಭಾಷೆಗಳಲ್ಲಿ. ಫ್ರೆಂಚರಲ್ಲಿ ಒಂದು ಪ್ರಸಿದ್ಧ ಕತೆಯಿದೆ. 1857ರಲ್ಲಿ ಲೇಖಕ ಮೆರಿಮೆ ಅರಮನೆಯಲ್ಲಿ ಬೇಕೆಂದೇ ಕಠಿಣವಾದ ಉಕ್ತಲೇಖನ ಕೊಟ್ಟನಂತೆ. ಚಕ್ರವರ್ತಿ ಮೂರನೆಯ ನೆಪೋಲಿಯನ್ 75 ತಪ್ಪು ಮಾಡಿದನಂತೆ. ಚಕ್ರವರ್ತಿಯನ್ನು ಪೇಚಿಗೆ ಸಿಲುಕಿಸುವ ಆಟ ಐದನೆಯ ತರಗತಿಯ ಹುಡುಗನಿಗೆ ಯಾಕೆ?

ಉತ್ತರ: ನಿವೃತ್ತ ಮಾಸ್ತರ, ಮಾಳಮಡ್ಡಿ, ಧಾರವಾಡ

ತಮ್ಮ, ಶಂಕರ ಭಟ್ಟರ ವಿದ್ವತ್ತಿಗೆ ಕೈ ಮುಗಿಯುತ್ತೇನೆ. ವಾದದಲ್ಲಿ ಹುರುಳೂ ಇದೆ. ಆದರೆ ನಾಳೆ ಈ ಹುಡುಗ ಬ್ಯಾಂಕಿಗೋ ತಹಶೀಲ್ದಾರ ಕಚೇರಿಗೋ ಅರ್ಜಿ ಬರೆಯುತ್ತಾನೆ. 'ವಿಶಯ' ಎಂದು ಬರೆದ ಅರ್ಜಿಯನ್ನು ನೋಡಿ ಒಳಗೆ ಕುಳಿತವನು ಭಾಷಾವಿಜ್ಞಾನ ನೆನೆಯುವುದಿಲ್ಲ, ನಗುತ್ತಾನೆ. ಸುಧಾರಣೆಯ ಖರ್ಚನ್ನು ಬಡವರ ಮಕ್ಕಳ ಮೇಲೆ ಹಾಕಬಾರದು. ನೀವು ವಿಶ್ವವಿದ್ಯಾಲಯದಿಂದ ಶುರು ಮಾಡಿ, ನಿಮ್ಮ ಪ್ರಬಂಧವನ್ನು ಹಾಗೆ ಬರೆದು ಪದವಿ ತನ್ನಿ. ನಾವು ಹಿಂದಿನಿಂದ ಬರುತ್ತೇವೆ.

ಅಂಕ ಕಳೆಯಬಾರದು ಎಂಬುದು ನಿಮ್ಮ ಮಾತಾದರೆ, ನಾನು ಆಗಲೇ ಒಪ್ಪಿಯಾಗಿದೆ. ಕಾಗದದ ಚೂರಿನ ವಿಷಯ ಹೇಳಿದ್ದು ಅದಕ್ಕೇ.

ಉತ್ತರ: ಕರಡು ತಿದ್ದುವವ, ಗದಗ

ಮುದ್ರಣ ಕಾಶಿ ಎನ್ನಿಸಿಕೊಂಡ ಊರಿನಿಂದ ಒಂದೆರಡು ಮಾತು. ನಮ್ಮ ತಂದೆ ಅಚ್ಚುಮೊಳೆ ಜೋಡಿಸುತ್ತಿದ್ದರು, ನಾನು ಕಂಪ್ಯೂಟರಿನ ಮುಂದೆ ಕುಳಿತು ಕರಡು ತಿದ್ದುತ್ತೇನೆ. ನಮ್ಮೂರಿನ ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ಎಂದು ಹೆಮ್ಮೆಪಟ್ಟುಕೊಂಡಿದ್ದಾನೆ. ಎಲ್ಲರೂ ಹಾಗೆ ಬರೆದಿದ್ದರೆ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ.

ಅಕ್ಕಾವರೇ, ಮೊದಲ ಎಚ್ಚರಿಕೆ: ಉಕ್ತಲೇಖನಕ್ಕೆ ಅಂತರಜಾಲದಿಂದ ಕತೆ ಇಳಿಸಿಕೊಳ್ಳಬೇಡಿ, ಅಚ್ಚಾದ ಪುಸ್ತಕವನ್ನೇ ಇಟ್ಟುಕೊಳ್ಳಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದದ್ದನ್ನು ಈಗಿನ ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ಕೆಡುತ್ತವೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕುಳಿತಿರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಾವೇ ತಿದ್ದಿಕೊಳ್ಳಿ ಎಂದು ಮಕ್ಕಳ ಕೈಗೆ ಕೊಡುವ ಪ್ರತಿಯಲ್ಲೇ ತಪ್ಪಿದ್ದರೆ ಯಾರನ್ನು ನಂಬಬೇಕು? ಇನ್ನು ತೀರ ಹಳೆಯ ಮುದ್ರಣ ಕೈಗೆ ಸಿಕ್ಕರೆ ಅದೂ ಬೇಡ. ಅವುಗಳಲ್ಲಿ 'ಯಿಲ್ಲಿ', 'ವೊಂದು' ಎಂಬ ಬರಹಗಳು ಕಾಣಿಸುತ್ತವೆ. ಈಚಿನ ಮರುಮುದ್ರಣ ಒಳ್ಳೆಯದು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ನಮ್ಮ ಕಾನೂನಿನಂತೆ ಲೇಖಕರು ತೀರಿದ 60 ವರ್ಷಗಳ ಮೇಲೆ ಹಕ್ಕು ಮುಗಿಯುತ್ತದೆ. ಆದ್ದರಿಂದ ಅವರ ಕತೆಯ ಪುಟಗಳನ್ನು ಮಕ್ಕಳಿಗಾಗಿ ಮತ್ತೆ ಟೈಪು ಮಾಡಿ ಹಂಚಿದರೂ ಅಡ್ಡಿಯಿಲ್ಲ.

ಮಾಸ್ತರರು ಚುಕ್ಕೆಯ ಬಗ್ಗೆ ಹೇಳಿದರು. ನನ್ನ ಮೇಜಿಗೆ ಬರುವ ಬರಹಗಳಲ್ಲಿ ಅದಕ್ಕಿಂತ ಹೆಚ್ಚು ಕಾಟ ಕೊಡುವುದು ಉದ್ಧರಣ ಚಿಹ್ನೆ. ಕನ್ನಡದಲ್ಲಿ ಮಾತು ಎಲ್ಲಿ ಮುಗಿಯಿತು ಎಂದು 'ಎಂದು' ಹೇಳಿಬಿಡುತ್ತದೆ. ಆದರೆ ಮಾತು ಎಲ್ಲಿ ಶುರುವಾಯಿತು ಎಂದು ಹೇಳುವವರು ಯಾರೂ ಇಲ್ಲ. ಈ ವಾಕ್ಯ ನೋಡಿ:

ರಾಜನು ಮುದುಕಿಗೆ ನಾನು ಕೊಟ್ಟ ಹಣ ಕಳೆದುಹೋಗಿದೆ ಎಂದು ಹೇಳಿದನು.

ರಾಜನು ಮುದುಕಿಗೆ, "ನಾನು ಕೊಟ್ಟ ಹಣ ಕಳೆದುಹೋಗಿದೆ" ಎಂದು ಹೇಳಿದನೇ? ಅಥವಾ ರಾಜನು ಮಂತ್ರಿಗೋ ಯಾರಿಗೋ, "ಮುದುಕಿಗೆ ನಾನು ಕೊಟ್ಟ ಹಣ ಕಳೆದುಹೋಗಿದೆ" ಎಂದು ಹೇಳಿದನೇ? ಮೊದಲನೆಯದರಲ್ಲಿ ಮುದುಕಿ ಎದುರಿಗಿದ್ದಾಳೆ, ಎರಡನೆಯದರಲ್ಲಿ ಆಕೆ ಊರಲ್ಲೇ ಇಲ್ಲದಿರಬಹುದು. 'ಹೇಳಿದನು' ಎಂಬ ತುಂಬಿದ ರೂಪ ಇದ್ದರೂ ಇಲ್ಲಿ ಉಪಯೋಗವಿಲ್ಲ, ಮಾಸ್ತರೇ. ತೆರೆಯುವ ಚಿಹ್ನೆ ಒಂದೇ ಗತಿ. ಇಂಥ ಒಂದು ವಾಕ್ಯವನ್ನು ಹಲಗೆಯ ಮೇಲೆ ಚಿಹ್ನೆಯಿಲ್ಲದೆ ಬರೆದು, ಮುದುಕಿ ಎಲ್ಲಿದ್ದಾಳೆ ಎಂದು ಮಕ್ಕಳನ್ನು ಕೇಳಿ. ಜಗಳ ಶುರುವಾಗುತ್ತದೆ. ಆಗಲಿ.

ಇನ್ನೊಂದು ತಪ್ಪು ದೊಡ್ಡವರದೂ ಹೌದು. 'ಯಾರು ಬಂದರು ಎಂದು ಅಜ್ಜಿ ಕೇಳಿದಳು' ಎಂಬುದರ ಕೊನೆಗೆ ಪ್ರಶ್ನಾರ್ಥಕ ಹಾಕುತ್ತಾರೆ. ಕೇಳಿದ್ದು ಅಜ್ಜಿ, ಬರೆದವರಲ್ಲ. ಉದ್ಧರಣ ಹಾಕಿದರೆ ಪ್ರಶ್ನಾರ್ಥಕ ಅದರೊಳಗೆ ಹೋಗುತ್ತದೆ, ವಾಕ್ಯದ ಕೊನೆಗೆ ಚುಕ್ಕೆಯೇ. ಸಿಗಡಿಯ ಕತೆಯಲ್ಲಿ ಇದಕ್ಕೆ ಬೇಕಾದಷ್ಟು ಅಭ್ಯಾಸ ಸಿಗುತ್ತದೆ.

ಮತ್ತೆ: ಸಂಜೆಪಾಠ, ಉಣಕಲ್, ಹುಬ್ಬಳ್ಳಿ

ಮಾಸ್ತರಿಗೂ ಗದಗಿನ ಅಣ್ಣನವರಿಗೂ ನಮಸ್ಕಾರ. ಸಿಗಡಿಯಿಂದಲೇ ಶುರು ಮಾಡಿದೆ. ಹಿಂದಿನ ದಿನವೇ ಪುಟ ತೋರಿಸಿ, ಅನುಮಾನದ ಪದಗಳನ್ನು ಅವರೇ ಆರಿಸಿ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಲಿ ಎಂದೆ. ಚಿಹ್ನೆಗಳನ್ನು ಬಾಯಲ್ಲಿ ಹೇಳಲಿಲ್ಲ. ಮೂರನೆಯ ಓದಿಗೆ ಬಂದಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಎಲ್ಲಿ ನಿಲ್ಲಿಸುತ್ತೇನೆ ಎಂದು. ಹಾಗಾಗಿ ಕಿಟಕಿಯ ಕಡೆಗೆ ತಿರುಗಿ ಓದಿದೆ. ನಾಲ್ಕನೆಯ ತರಗತಿಯವರಿಗೆ ಉದ್ಧರಣ ಇನ್ನೂ ದೂರ, ಆದರೆ ಚುಕ್ಕೆಗಳು ಬಂದಿವೆ. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಗದಗಿನವರ ಮುದುಕಿಯ ವಾಕ್ಯ ಎಷ್ಟು ಹಿಡಿಸಿತೆಂದರೆ, ಈಗ ತಾನೇ ಅಂಥ ಎರಡರ್ಥದ ವಾಕ್ಯಗಳನ್ನು ಕಟ್ಟಿಕೊಂಡು ಬಂದು ನನ್ನನ್ನು ಪರೀಕ್ಷಿಸುತ್ತಾಳೆ.

ತಪ್ಪು ಮುಚ್ಚಲು ಕಾಗದದ ಚೂರು ಕೊಟ್ಟಿದ್ದೆ. ಅದು ಮುಗಿದುಹೋದ ಮೇಲೆ ಅದೇ ಹುಡುಗಿ ಮನೆಯಿಂದ ಅಕ್ಕನ ಟಿಕಳಿ ಪಾಕೀಟು ತಂದು ತಪ್ಪಿನ ಮೇಲೆಲ್ಲ ಅಂಟಿಸಿದಳು. ಈಗ ಕೆಲವರ ಹಾಳೆ ಮದುಮಗಳ ಹಾಗೆ ಹೊಳೆಯುತ್ತದೆ. ತಪ್ಪು ಮಾಡಲು ಉತ್ಸಾಹ ಬಂದುಬಿಟ್ಟೀತೆಂದು ಮತ್ತೆ ಬಿಳಿ ಚೂರಿಗೇ ಬಂದಿದ್ದೇನೆ.

ಒಂದು ಸಂಶಯ ಉಳಿದಿದೆ. ನಾನು 'ಕತೆ' ಎಂದು ಓದಿದರೆ ಕೆಲವರು 'ಕಥೆ' ಎಂದು ಬರೆಯುತ್ತಾರೆ, ಪಠ್ಯದಲ್ಲಿ ಹಾಗೆ ನೋಡಿದ ನೆನಪು. ಪುಸ್ತಕದಲ್ಲಿ 'ಕತೆ' ಇದೆ. ಇದನ್ನು ತಪ್ಪೆಂದು ಮುಚ್ಚಿಸಲೇ? 'ಕೊನೆಗೆ'–'ಕಡೆಗೆ' ಎಂದು ಪದವನ್ನೇ ಬದಲಿಸಿ ಬರೆಯುವವರೂ ಇದ್ದಾರೆ. ಅರ್ಥವೇನೋ ಕೆಡುವುದಿಲ್ಲ.

ಉತ್ತರ: ಕರಡು ತಿದ್ದುವವ, ಗದಗ

'ಕತೆ', 'ಕಥೆ' ಎರಡೂ ಸರಿ. 'ಕತೆ' ತದ್ಭವ, ಎಂದರೆ ಸಂಸ್ಕೃತ ಪದ ಕನ್ನಡದ ಬಾಯಲ್ಲಿ ಬದಲಾದದ್ದು; 'ಕಥೆ' ತತ್ಸಮ, ಹೆಚ್ಚು ಬದಲಾಗದೆ ಬಂದದ್ದು. ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಿ ಬರೆದಿದ್ದರೆ ಮಾತ್ರ ಯಾವುದಾದರೂ ಒಂದನ್ನು ಆರಿಸಿಕೋ ಎನ್ನಿ. ಮುದ್ರಣಾಲಯದಲ್ಲಿ ನಾವೂ ಲೇಖಕರಿಗೆ ಇದನ್ನೇ ಹೇಳುವುದು.

'ಕಡೆಗೆ' ಎಂದು ಬರೆದವನನ್ನು ತಿದ್ದಿ. ಅವನು ಅರ್ಥ ಹಿಡಿದಿದ್ದಾನೆ, ಆದರೆ ಕೇಳಿದ ಪದವನ್ನು ಬಿಟ್ಟಿದ್ದಾನೆ. ಉಕ್ತಲೇಖನದಲ್ಲಿ ಕೇಳಿದ್ದನ್ನೇ ಬರೆಯಬೇಕು. ಅಂಥ ಹುಡುಗನಿಗೆ ಅದೇ ಕತೆಯನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಬರೆ ಎಂದು ಬೇರೆ ಕೆಲಸ ಕೊಡಿ, ಚೆನ್ನಾಗಿ ಬರೆಯುತ್ತಾನೆ.